ಜಡ್ಡಿಯಲ್ಲಿ ಕೇಳಿದ ಕೂ

ದೆವ್ವ, ಭೂತ, ಅಶರೀರವಾಣಿ ಅಂತ ಯಾರಾದರೂ ಮಾತು ತೆಗೆದರೆ ಮೆಲ್ಲಗೆ ಎದ್ದು ಹೋಗುವ ಪೈಕಿಯವನು ನಾನು. ಸಾಗರದಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಅಂಗಡಿ ಮುಂದೆ, ಮನೆ ಹಿಂದೆ. ಪಂಪ್‌ಸೆಟ್ ಓಡುವ ಸದ್ದು ಕೇಳಿಯೇ ಬೇರಿಂಗ್ ಹೋಗಿದೆಯೋ ಕಾಯಿಲ್ ಹೋಗಿದೆಯೋ ಹೇಳಬಲ್ಲೆ. ಸದ್ದು ಇದೆ ಎಂದಮೇಲೆ ಅದನ್ನು ಮಾಡುವ ವಸ್ತುವೊಂದು ಇರಲೇಬೇಕು ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಅದು ಕೈಕೊಟ್ಟಿತು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಗುವವರು ನಗಲಿ.

ನನ್ನ ಹೆಂಡತಿ ಸುಮಿತ್ರೆ ತೀರ್ಥಹಳ್ಳಿ ಕಡೆಯವಳು. ಅವಳ ತವರಿನಲ್ಲಿ ಕಾಡಿನಲ್ಲಿದ್ದವರನ್ನು ಹೆಸರು ಹಿಡಿದು ಕೂಗುವುದಿಲ್ಲ, ‘ಕೂ’ ಹಾಕುತ್ತಾರೆ. ಒಬ್ಬೊಬ್ಬರದು ಒಂದೊಂದು ತರಹ. ಕೇಳಿದ ಕೂಡಲೇ ಯಾರದೆಂದು ತಿಳಿಯುತ್ತದೆ. ಕೇಳಿದವರು ತಿರುಗಿ ಕೂ ಹಾಕಲೇಬೇಕು. ಸುಮ್ಮನಿದ್ದರೆ ಮನೆಗೆ ಬಂದಮೇಲೆ ಮಂಗಳಾರತಿ ಗ್ಯಾರಂಟಿ. ಮದುವೆಯಾದ ಹೊಸತರಲ್ಲಿ ಅವಳು ಹಿತ್ತಲಿನಿಂದ ಕೂ ಹಾಕಿ ನನ್ನನ್ನು ಊಟಕ್ಕೆ ಕರೆದಾಗ ಅಕ್ಕಪಕ್ಕದವರು ಎಲ್ಲೋ ಬೆಂಕಿ ಬಿತ್ತು ಎಂದುಕೊಂಡು ಓಡಿಬಂದಿದ್ದರು! ಎಣ್ಣೆ ಸುರಿದ ಹಾಗೆ ನುಣುಪಾದ, ಎಲ್ಲಿಯೂ ತಡವರಿಸದ ಕೂ ಅದು.

ಆ ಧ್ವನಿಯೇ ಹೋಯಿತು. ಥೈರಾಯ್ಡ್ ಗಡ್ಡೆ ತೆಗೆಸಬೇಕಾಗಿ ಬಂತು. ಧ್ವನಿಯ ನರಕ್ಕೆ ಪೆಟ್ಟಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹಾಗೇ ಆಯಿತು. ಬರುವುದಿದ್ದರೆ ವರ್ಷದೊಳಗೆ ಬರುತ್ತದೆ, ಬರದೆಯೂ ಇರಬಹುದು ಎಂದರು. ಉಳಿದದ್ದು ಪಿಸುಮಾತು ಮಾತ್ರ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಅದೂ ಕೇಳುತ್ತಿರಲಿಲ್ಲ. ನಾನು ಅಂಗಡಿಯಲ್ಲಿ ಬೇಕೆಂದೇ ಹೊತ್ತು ಕಳೆಯುತ್ತಿದ್ದೆ. ಆ ಮನೆಯ ಮೌನ ನನ್ನಿಂದ ತಡೆಯಲು ಆಗುತ್ತಿರಲಿಲ್ಲ.

ಸೈಕಲ್ಲಿನ ಯೋಚನೆ ಅವಳದು. ಸೈಕಲ್ಲಿಗೆ ಬೆಲ್ ಇದೆಯಲ್ಲ, ಅದರಲ್ಲೇ ಮಾತಾಡುತ್ತೇನೆ ಎಂದಳು. ಭಾನುವಾರ ಬಂತೆಂದರೆ ಹೊರಟೆವು. ವರದಮೂಲದ ಕೆಳಗಿನ ಗದ್ದೆಬದಿ, ಲಾಂಚಿನಲ್ಲಿ ಸೈಕಲ್ ದಾಟಿಸಿಕೊಂಡು ತುಮರಿ ಕಡೆಯ ಹಿನ್ನೀರಿನ ಅಂಚು, ಬೇಸಾಯ ಬಿಟ್ಟು ಜೌಗಾದ ಹಡ್ಲುಗಳು. ಸೈಕಲ್ ಹೋಗುವಷ್ಟು ದೂರ ಸೈಕಲ್, ಆಮೇಲೆ ಕಾಲು. ನೀರು ನಿಂತ ಜಾಗ ಕಂಡರೆ ಅವಳಿಗೆ ಹಿಗ್ಗು. ಕಪ್ಪೆ, ಏಡಿ, ನೀರುಕೋಳಿ ಏನು ಕಂಡರೂ ಹಿಂದಿನಿಂದ ಟ್ರಿಣ್ ಎನ್ನಿಸಿ ನನ್ನನ್ನು ನಿಲ್ಲಿಸುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ, ಮೋಟಾರ್ ಸಾಗಿಸುವ ನನ್ನ ಪಿಕಪ್ಪಿನಲ್ಲಿ ಸೈಕಲ್ ಹೇರಿಕೊಂಡು ಹೊಸನಗರದ ಕಡೆ ಹೋದೆವು. ಅಲ್ಲೊಂದು ರಾಮಪತ್ರೆ ಜಡ್ಡಿ ಇದೆ. ಜಡ್ಡಿ ಎಂದರೆ ಕಾಡಿನೊಳಗೆ ವರ್ಷವಿಡೀ ನೀರು ನಿಲ್ಲುವ ಕೆಸರುನೆಲ. ಮರದ ಬೇರುಗಳು ಮಡಿಸಿದ ಮೊಣಕಾಲಿನ ಹಾಗೆ ಕೆಸರಿನಿಂದ ಮೇಲೆದ್ದಿರುತ್ತವೆ. ದಾರಿ ಮುಗಿದಲ್ಲಿ ಸೈಕಲ್ಲುಗಳನ್ನು ಮರಕ್ಕೆ ಒರಗಿಸಿ ನಡೆದು ಒಳಗೆ ಹೋದೆವು. ಸೈಕಲ್ಲಿನ ಜೊತೆ ಅವಳ ಬೆಲ್ಲೂ ಅಲ್ಲೇ ಉಳಿಯಿತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ವಾಪಸು ಬರುವಾಗ ನಾನು ಮುಂದೆ, ಅವಳು ಹಿಂದೆ. ಪಂಪನ್ನು ತಲೆಕೆಳಗಾಗಿ ಕೂರಿಸಿ, ನೀರು ಬರುತ್ತಿಲ್ಲವೆಂದು ನನ್ನ ಮೇಲೇ ಜಗಳಕ್ಕೆ ಬಂದ ಗಿರಾಕಿಯೊಬ್ಬನ ಕಥೆಯನ್ನು ರಸವತ್ತಾಗಿ ಹೇಳುತ್ತ ನಡೆದಿದ್ದೆ. ಅವಳ ಕಡೆಯಿಂದ ಹೂಂ ಎಂಬ ಮಾತು ಹೇಗೂ ಬರುವಂತಿರಲಿಲ್ಲ. ಕಥೆ ಮುಗಿಸಿ ನಗುತ್ತ ತಿರುಗಿದರೆ ಹಿಂದೆ ಯಾರೂ ಇಲ್ಲ. ಎಲ್ಲಿಂದ ಒಬ್ಬನೇ ಮಾತಾಡುತ್ತ ಬಂದೆನೋ ದೇವರಿಗೇ ಗೊತ್ತು.

ಬಂದ ದಾರಿಯಲ್ಲೇ ಓಡಿದೆ. ಒಂದು ಕಡೆ ಹಳ್ಳ ಕವಲೊಡೆದು ಎಲ್ಲ ಕಡೆಯೂ ಒಂದೇ ತರಹ ಕಂಡಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಹೊತ್ತು ಇಳಿಯುತ್ತಿತ್ತು, ಆ ಮರಗಳ ಕೆಳಗಂತೂ ಆಗಲೇ ಮಬ್ಬು. ಕೂಗಿದರೂ ಉತ್ತರ ಕೊಡಲಾಗದವಳನ್ನು ಹುಡುಕುವುದು ಹೇಗೆ? ಆದರೂ ಬಾಯಿಗೆ ಕೈಯಡ್ಡ ಹಿಡಿದು ಕೂ ಹಾಕಿದೆ.

ತಿರುಗಿ ಕೂ ಬಂತು.

ಬಲಗಡೆಯಿಂದ, ಹಳ್ಳದ ಆಚೆಯಿಂದ. ಗಟ್ಟಿಯಾಗಿ ಎದ್ದು, ನಡುವೆ ಸೀಳಿ, ಒಂದು ಗಳಿಗೆ ಬರೀ ಗಾಳಿಯಾಗಿ, ಮತ್ತೆ ಕೂಡಿಕೊಂಡು ತಗ್ಗಿನಲ್ಲಿ ನಿಂತಿತು. ಹೆಂಗಸಿನ ಧ್ವನಿ. ಸುಮಿತ್ರೆಯದಲ್ಲ ಎಂದು ನನ್ನ ಕಿವಿ ಆಗಲೇ ಹೇಳಿತು, ಅವಳ ಕೂ ಒಡೆಯುತ್ತಿರಲಿಲ್ಲ. ಯಾರಾದರೇನು, ಜನ ಇದ್ದಾರಲ್ಲ ಎಂದು ಹಳ್ಳ ದಾಟಿದೆ. ದಾರಿ ತಪ್ಪಿದಂತಾದಾಗೆಲ್ಲ ಕೂ ಹಾಕಿದೆ. ಪ್ರತಿ ಸಲವೂ ಅದೇ ಒಡಕು ಕೂ ಮುಂದಿನಿಂದ ಬಂತು.

ಹೋಗಿ ನೋಡಿದರೆ ಸುಮಿತ್ರೆ ಒಬ್ಬಳೇ. ಒಂದು ಕಾಲು ಎರಡು ಬೇರುಗಳ ನಡುವೆ ಮೊಣಕಾಲುಮಟ್ಟ ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ಮುಖವೆಲ್ಲ ಕಣ್ಣೀರು. ಕೆಸರು ತೋಡಿ ಕಾಲು ಬಿಡಿಸಿದೆ. ಯಾರು ನಿನ್ನ ಜೊತೆ ಇದ್ದವರು, ಎಲ್ಲಿ ಹೋದರು ಎಂದು ಕೇಳಿದೆ. ಅವಳು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

“ಯಾರೂ ಇಲ್ಲ ಮಾರಾಯ್ರೆ. ನಿಮ್ಮ ಕೂ ಒಂದೇ ಕೇಳಿದ್ದು. ಪ್ರತಿ ಸಲ ಬಾಯಿ ತೆಗ್ದೆ. ಬರ್ಲೇ ಇಲ್ಲ.”

ಅವಳು ಆಗಲೇ ಅಷ್ಟು ಹೆದರಿದ್ದಳು, ನನಗೆ ಕೇಳಿದ ಕೂ ವಿಷಯ ಬೇರೆ ಯಾಕೆ ತಲೆಗೆ ತುಂಬಲಿ ಎಂದುಕೊಂಡೆ. ಹೆಗಲು ಕೊಟ್ಟು ಸೈಕಲ್ಲಿನ ತನಕ ಕರೆತಂದೆ. ಅವಳು ಮೊದಲು ಮಾಡಿದ ಕೆಲಸ ಬೆಲ್ ಬಾರಿಸಿದ್ದು.

ಆಮೇಲೆ ನಾನೊಬ್ಬನೇ ಹೋಗಿ ಜಡ್ಡಿಗೆ ಹತ್ತಿರದ ಮನೆಯಲ್ಲಿ ವಿಚಾರಿಸಿದೆ. ಆ ಹೊತ್ತಿನಲ್ಲಿ ಅಲ್ಲಿ ಯಾರು ಹೋಗ್ತಾರೆ ಎಂದು ನಕ್ಕು ಅವರು ಚಹಾ ಕೊಟ್ಟರು. ಹಕ್ಕಿಯೇ? ಹಕ್ಕಿ ನನ್ನ ಕೂಗಿಗೇ ಕಾದು ಉತ್ತರ ಕೊಡುವುದಿಲ್ಲ. ಪ್ರತಿಧ್ವನಿಯೇ? ನನ್ನದು ಗೂಳಿಯ ಗಂಟಲು, ಅದು ಹೆಂಗಸಿನದಾಗಿ ಒಡೆದು ಬರಲು ಸಾಧ್ಯವಿಲ್ಲ. ಕೊನೆಗೆ, ಗಾಬರಿಯಲ್ಲಿ ನನ್ನ ಮನಸ್ಸೇ ಅದನ್ನು ಹುಟ್ಟಿಸಿತು ಎಂದು ತೀರ್ಮಾನ ಮಾಡಿದೆ. ಆದರೆ ಮನಸ್ಸು ಹುಟ್ಟಿಸುವುದಾದರೆ ಅವಳ ಹಳೆಯ ಕೂ ಹುಟ್ಟಿಸಬೇಕಿತ್ತು. ಹಿಂದೆಂದೂ ಕೇಳದ ಧ್ವನಿಯನ್ನು ಎಲ್ಲಿಂದ ತಂದಿತು?

ಮುಂದಿನ ಮಳೆಗಾಲದ ಹೊತ್ತಿಗೆ ಅವಳ ಪಿಸುಮಾತಿಗೆ ಸ್ವಲ್ಪ ಸ್ವಲ್ಪವೇ ತೂಕ ಬರತೊಡಗಿತು. ಒಂದು ದಿನ ಅಂಗಡಿಯಲ್ಲಿ ಕಾಯಿಲ್ ಸುತ್ತುತ್ತ ಕುಳಿತಿದ್ದೆ. ಹಿತ್ತಲಿನಿಂದ ಕೂ ಕೇಳಿತು. ಗಟ್ಟಿಯಾಗಿ ಎದ್ದು, ನಡುವೆ ಸೀಳಿ, ಒಂದು ಗಳಿಗೆ ಬರೀ ಗಾಳಿಯಾಗಿ, ಮತ್ತೆ ಕೂಡಿಕೊಂಡು ತಗ್ಗಿನಲ್ಲಿ ನಿಂತಿತು.

ಕೈಯಲ್ಲಿದ್ದ ತಂತಿ ಕೆಳಗೆ ಬಿತ್ತು. ತಿರುಗಿ ಕೂ ಹಾಕುವುದನ್ನೂ ಮರೆತೆ. ಎದ್ದು ಹಿತ್ತಲಿಗೆ ಓಡಿದೆ. ಕೂ ಹಾಕಿದರೆ ತಿರುಗಿ ಹಾಕಬೇಕೆಂದು ಇಷ್ಟು ವರ್ಷವಾದರೂ ಗೊತ್ತಾಗಿಲ್ಲವೇ ಎಂದು ಅವಳು ಬೈದಳು. ಆ ಒಡಕು ಧ್ವನಿಯಲ್ಲಿ ಬೈಸಿಕೊಳ್ಳುವುದು ಎಷ್ಟು ಸುಖವಾಗಿತ್ತೆಂದರೆ ಅಲ್ಲೇ ನಿಂತು ಅತ್ತುಬಿಟ್ಟೆ. ಆಮೇಲೆ ಜಡ್ಡಿಯಲ್ಲಿ ಕೇಳಿದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಇದೇ ಧ್ವನಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದೆ. ಕಿವಿಯೇ ನನ್ನ ಅನ್ನ, ಅದು ತಪ್ಪಲಾರದು ಎಂದೆ.

ಅವಳು ನಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು.

“ಹಾಗಾದ್ರೆ ಅವತ್ತು ನಾ ಬಾಯಿ ತೆಗ್ದಿದ್ದು ದಂಡ ಆಗ್ಲಿಲ್ಲ ಅನ್ನಿ,” ಎಂದಳು.

ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಈವರೆಗೆ ಸಿಕ್ಕಿಲ್ಲ.