ಮೂವತ್ತೊಂದು ಹುಣಸೆ ಬೀಜ

ನನ್ನ ಮುಂದೆ ಮೂವತ್ತೊಂದು ಹುಣಸೆ ಬೀಜಗಳಿದ್ದವು. ಅವುಗಳಲ್ಲೊಂದು ಅರ್ಧ ಸಿಪ್ಪೆ ಹೋಗಿ ಬೆಳ್ಳಗಾಗಿತ್ತು. ಕಾಕಾನ ಮುಂದೆ ಇಪ್ಪತ್ತೊಂಬತ್ತು. ಅಣ್ಣನ ಹೆಂಡತಿ, ನನ್ನ ವೈನಿ, ತನ್ನ ಇಪ್ಪತ್ತನ್ನೂ ಕಳೆದುಕೊಂಡು ಗೋಡೆಗೆ ಒರಗಿದ್ದಳು.

ಎಲ್ಲ ಬೀಜ ಗೆದ್ದವರಿಗೆ ಕಾಕಾನ ಕಾರಿನ ಕೀಲಿ. ಮರುದಿನ ವೈನಿಯನ್ನು ಮೋರಟಗಿಯಿಂದ ಇಂಡಿಗೆ, ಅವಳ ತವರಿಗೆ ಬಿಡಬೇಕಿತ್ತು. ನನಗೆ ಲೈಸನ್ಸ್ ಬಂದು ಎಂಟು ತಿಂಗಳಾಗಿದ್ದರೂ ಕಾಕಾ ಊರು ದಾಟಿ ಓಡಿಸಲು ಬಿಟ್ಟಿರಲಿಲ್ಲ. ನಾನೂ ಎರಡನೆಯ ಸಲ ಕೇಳಿರಲಿಲ್ಲ. ಬಹಳ ಬೇಕಾದದ್ದನ್ನು ಕೇಳುವುದು ನನಗೆ ಬರುವುದಿಲ್ಲ.

ಪೋಕರ್ ಎಂಬ ಇಸ್ಪೀಟ್ ಆಟ ಕಲಿತದ್ದು ಯೂನಿವರ್ಸಿಟಿ ಹಾಸ್ಟೆಲಿನಲ್ಲಿ. ಆ ಭಾನುವಾರ ಮಧ್ಯಾಹ್ನ ಇವರಿಬ್ಬರಿಗೂ ಹೇಳಿಕೊಟ್ಟಿದ್ದೆ. ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ, ನೆಲದ ಮೇಲೆ ಎಲ್ಲರಿಗೂ ಸೇರಿದ ಐದು. ಏನೂ ಇಡದೆ ಸರದಿ ದಾಟಿಸಿದರೆ ಚೆಕ್, ನೆಲ ಕುಟ್ಟಿದರೆ ಸಾಕು. ಮೊದಲು ಬೀಜ ಇಟ್ಟರೆ ಬೆಟ್. ಅಷ್ಟೇ ಇಟ್ಟು ಜೊತೆಗೆ ನಿಂತರೆ ಕಾಲ್, ಹೆಚ್ಚಿಟ್ಟರೆ ರೇಸ್. ಎಲೆ ಚೆಲ್ಲಿ ಬಿಟ್ಟುಕೊಟ್ಟರೆ ಫೋಲ್ಡ್. ಕೈಯ ಎಲೆ, ನೆಲದ ಎಲೆ ಸೇರಿ ಯಾರ ಜೋಡಣೆ ದೊಡ್ಡದೋ ಇಟ್ಟ ಬೀಜವೆಲ್ಲ ಅವರಿಗೆ.

ನಾನು ಹೆಚ್ಚಾಗಿ ಚೆಕ್ ಮಾಡುತ್ತಿದ್ದೆ. “ಬಾಯಿ ಬಿಡಬಾರದಂತ ನೆಲ ಕುಟ್ಟೋ ಆಟಾನ ಕಲತ ಬಂದಾಳ” ಎಂದು ವೈನಿ ಕಾಡಿದಳು.

ಕಾಕಾ ಕುರಿ ವ್ಯಾಪಾರಿ. ಸಂತೆಯಲ್ಲಿ ಟವೆಲ್ ಕೆಳಗೆ ಎದುರಿನವರ ಬೆರಳು ಹಿಡಿದು ದರ ಮಾತಾಡುವವನು. ಮೊದಲ ಆಟದಲ್ಲೇ ತನ್ನ ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಹರವಿ, ಟವೆಲ್ ಹೊದಿಸಿ ನನ್ನ ಬೆರಳು ಹಿಡಿದ. ಎಲೆ ಮುಚ್ಚಿಡಬೇಕು, ಬೆಟ್ ಎಲ್ಲರೆದುರು ಇಡಬೇಕು ಎಂದೆ.

“ನಮ್ಮ ಸಂತ್ಯಾಗ ಕುರಿ ಕಣ್ಣೆದುರ ನಿಂತಿರತೈತಿ, ರೇಟು ಟವೆಲ್ ಒಳಗ. ನಿಂದು ಪೂರಾ ಉಲ್ಟಾ ಐತಲ್ಲ ತಂಗಿ” ಎಂದು ಟವೆಲನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ ಬೇಗ ಕಲಿತ. ವೈನಿಯ ಬೀಜಗಳಲ್ಲಿ ಹತ್ತಿರ ಹತ್ತಿರ ಅರ್ಧ ಅವನ ಕಡೆಗೆ ಹೋದವು.

ಕೊನೆಯ ಆಟದಲ್ಲಿ ನನಗೆ ಬಂದದ್ದು ಎರಡು ಒಂಬತ್ತು. ನೆಲದ ಮೇಲೆ ನಾಲ್ಕು ಎಲೆ ತೆರೆಯುವವರೆಗೆ ಇಬ್ಬರೂ ನೆಲ ಕುಟ್ಟಿದೆವು. ಐದನೆಯದು ಇನ್ನೊಂದು ಒಂಬತ್ತು. ಕಾಕಾ ಐದು ಬೀಜ ಇಟ್ಟ. ಕಾಲ್ ಎಂದರೆ ಐದೇ ಬೀಜ ಬರುತ್ತವೆ, ಕೀಲಿ ಬರುವುದಿಲ್ಲ.

“ರೇಸ್” ಎಂದು ಎರಡೂ ಕೈಯಿಂದ ಎಲ್ಲವನ್ನೂ ಮುಂದೆ ತಳ್ಳಿದೆ. ಬೆರಳುಗಳು ನಡುಗಿದವು. ಮುಚ್ಚಿಕೊಳ್ಳಲು ಟವೆಲ್ ಇರಲಿಲ್ಲ.

ಕಾಕಾ ನನ್ನ ಮುಖ ನೋಡಲಿಲ್ಲ, ಬೆರಳುಗಳನ್ನೇ ನೋಡಿದ. ಆಮೇಲೆ ಸಮಾಧಾನವಾಗಿ “ಕಾಲ್” ಎಂದು ಉಳಿದ ಬೀಜಗಳನ್ನೂ ಸರಿಸಿದ.

ಅವನದು ರಾಜರ ಒಂದು ಜೋಡಿ, ಏಳರ ಒಂದು ಜೋಡಿ. ನನ್ನ ಮೂರು ಒಂಬತ್ತು ಅದಕ್ಕಿಂತ ದೊಡ್ಡದು. ವೈನಿ ಎದ್ದು ಕುಳಿತಳು. ಕಾಕಾ ಎಲೆಗಳನ್ನು ಎರಡು ಸಲ ನೋಡಿದ.

“ಬೆರಳು ನಡಗಿದ್ರ ಗಿರಾಕಿ ಕೈಯಾಗ ಏನೂ ಇಲ್ಲಂತ ಅರ್ಥ. ಇಷ್ಟು ವರ್ಷದಾಗ ತಪ್ಪಿಲ್ಲ ಅದು.”

“ಖುಷಿಗೂ ನಡಗತಾವ ಕಾಕಾ” ಎಂದೆ.

ಮರುದಿನ ಬೆಳಿಗ್ಗೆ ಸೀಟನ್ನು ಎರಡು ಕಚ್ಚು ಮುಂದಕ್ಕೆ ಎಳೆದುಕೊಂಡೆ, ಕನ್ನಡಿ ಸರಿಮಾಡಿದೆ, ವೈನಿ ಹಿಂದೆ ಹತ್ತಿ, ಎಡಗಡೆ ಕುಳಿತ ಕಾಕಾ ಬೆಲ್ಟ್ ಹಾಕಿಕೊಳ್ಳುವವರೆಗೆ ಕಾಯ್ದು, ಇಂಡಿಗೆ ಹೋಗುವ ಸಿಂದಗಿ ರಸ್ತೆಗೆ ಗಾಡಿ ತಿರುಗಿಸಿದೆ.