ಮೊಮ್ಮಗಳು ಏನೂ ಕೊಳ್ಳದ ದಿನ

ಮೊದಲು ಸಂತೋಷದ ಸುದ್ದಿ ಕೇಳಿ, ಉಳಿದದ್ದು ಆಮೇಲೆ: ನನ್ನ ಮೊಮ್ಮಗಳು ರಶ್ಮಿ ಇವತ್ತು ಏನೂ ಕೊಳ್ಳಲಿಲ್ಲ. ಊರಿಗೆಲ್ಲ ಲಾಡು ಹಂಚೋಣವೆಂದರೆ ನನ್ನಾಕೆ, "ಏನಂತ ಹೇಳಿ ಹಂಚ್ತೀರ? ನಮ್ಮುಡುಗಿ ಸುಮ್ನೆ ಕೂತಿದ್ಳು ಅಂತಲಾ?" ಎಂದಳು. ಹೌದು, ಅದೇ ಸುದ್ದಿ. ನಮ್ಮ ವಂಶದಲ್ಲಿ ಆ ವಿದ್ಯೆ ಯಾರಿಗೂ ಇರಲಿಲ್ಲ.

ರಶ್ಮಿಗೆ ಮೆಣಸಿನ ಬಳ್ಳಿಯ ನರ್ಸರಿ ಮಾಡುವ ಆಸೆ. ಅದಕ್ಕೆಂದು ಅವಳಪ್ಪ, ಅಂದರೆ ನನ್ನ ಮಗ ಮೋಹನ, ಕೊಟ್ಟ ಹಣವನ್ನು ಬೆಳೆಸುತ್ತೇನೆಂದು ಅವಳು ಫೋನಿನಲ್ಲಿ ಆಪ್ಷನ್ ವ್ಯಾಪಾರಕ್ಕೆ ಇಳಿದಿದ್ದಳು. ನಾನು ನಾಲ್ಕನೇ ಕ್ಲಾಸಿಗೇ ಶಾಲೆಗೆ ಬೆನ್ನು ಹಾಕಿದವನು. ನನಗೆ ತಿಳಿಯಲೆಂದು ಬಿಡಿಸಿ ಹೇಳಿದಳು. ಕಂಪನಿಗಳು ಮೂರು ತಿಂಗಳಿಗೊಮ್ಮೆ ತಮ್ಮ ಲಾಭ-ನಷ್ಟ ಪ್ರಕಟಿಸುತ್ತವಂತೆ. ಅದಕ್ಕೆ ಮುಂಚೆ, ಷೇರನ್ನು ಇಂಥ ರೇಟಿಗೆ ಕೊಳ್ಳುವ ಹಕ್ಕಿಗೆ ಮಾತ್ರ ಒಂದಿಷ್ಟು ಕೊಟ್ಟಿಡುವುದು. ಷೇರು ಚೆನ್ನಾಗಿ ಏರಿದರೆ ಗೆದ್ದಂತೆ, ಇಲ್ಲದಿದ್ದರೆ ಕೊಟ್ಟದ್ದು ಹೋಯಿತು. ನಾನು ತಲೆಯಾಡಿಸಿದೆ. ಅರ್ಥವಾಗದೆ ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ಸುಂಟಿಕೊಪ್ಪದಿಂದ ಸೋಮವಾರಪೇಟೆಯವರೆಗೆ ಹುಡುಕಿದರೂ ಸಿಗರು.

ಜನವರಿಯಲ್ಲಿ ಅವಳು ಕೊಂಡದ್ದು ಒಂದು ಬಿಸ್ಕತ್ತು ಕಂಪನಿಯದ್ದು. ಅದಕ್ಕೆ ಲಾಭ ಜೋರಾಗಿದೆ ಎಂದು ಟಿವಿಯಲ್ಲಿ ಕೇಳಿದ್ದೇ ತಡ, ನಾನು ಸುಂಟಿಕೊಪ್ಪಕ್ಕೆ ಹೋಗಿ ಅದೇ ಬಿಸ್ಕತ್ತು ಕೊಂಡು ಬಸ್‌ಸ್ಟ್ಯಾಂಡಿನಲ್ಲಿದ್ದವರಿಗೆಲ್ಲ ಹಂಚಿದೆ. ಮೊಮ್ಮಗಳ ಕಂಪನಿ ಎಂದೂ ಹೇಳಿಕೊಂಡೆ. ಮನೆಗೆ ಬಂದರೆ ಹುಡುಗಿ ಕಾಫಿ ಕಣದ ಅಂಚಿನಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾಳೆ.

"ಕಂಪನಿ ಗೆದ್ದಿದೆ ತಾತ. ನಾನು ಸೋತೆ."

ಷೇರೇನೋ ಸ್ವಲ್ಪ ಏರಿತ್ತು. ಅವಳು ಕೊಂಡ ಹಕ್ಕಿನ ಬೆಲೆ ಮಾತ್ರ ಕುಸಿದುಹೋಗಿತ್ತು. ಯಾಕೆಂದು ಅವಳಿಗೂ ಹೊಳೆದಿರಲಿಲ್ಲ. ಮೋಹನ ಕೂಗಾಡಲಿಲ್ಲ. ಇನ್ನೊಮ್ಮೆ ಹೀಗಾದರೆ ನರ್ಸರಿಯ ಮಾತೇ ಎತ್ತಬೇಡ ಎಂದಷ್ಟೇ ಹೇಳಿ ಒಳಗೆ ಹೋದ.

ಅವಳನ್ನು ನಗಿಸಲು ನನ್ನ ಸ್ಪ್ರಿಂಕ್ಲರ್ ಕಥೆ ತೆಗೆದೆ. ಊರಿಗೆಲ್ಲ ಗೊತ್ತಿರುವ ಕಥೆ, ನೀವೂ ಕೇಳಿ. ಕಾಫಿ ಮೊಗ್ಗು ಅರಳಲು ಹೂಮಳೆ ಬೇಕು. ಬಾರದಿದ್ದರೆ ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸಬೇಕು. ಆ ವರ್ಷ ಆಕಾಶ ನೋಡಿ ನೋಡಿ ಎಲ್ಲರ ಕತ್ತು ನೋಯುತ್ತಿತ್ತು. ಪೈಪು, ಪಂಪಿನ ಬಾಡಿಗೆ ದಿನದಿನಕ್ಕೂ ಏರುತ್ತಿತ್ತು. ಪಕ್ಕದ ತೋಟದವರು ಬುಕ್ ಮಾಡಿದರೆಂದು ನಾನೂ ಓಡಿದೆ. ರೇಟು ನೆತ್ತಿಗೇರಿದ್ದಾಗ ಅಡ್ವಾನ್ಸ್ ಕೊಟ್ಟು, ಮೀಸೆ ತಿರುವಿಕೊಂಡು ಬಂದೆ. ಮರುದಿನವೇ ಹದವಾದ ಮಳೆ. ಆಮೇಲೆ ತೋಟವೆಲ್ಲ ಬೆಳ್ಳಗೆ ಹೂವು, ಘಮಘಮ. ಅಡ್ವಾನ್ಸ್ ವಾಪಸು ಕೇಳಲು ಹೋದರೆ ಪಂಪು ಬಾಡಿಗೆಗೆ ಕೊಡುವ ಸಾಹುಕಾರ ಹಂಸಾಕ ನಕ್ಕ.

"ಗೌಡ್ರೇ, ನೀವ್ ಕಾಸು ಕೊಟ್ಟಿದ್ದು ಪೈಪಿಗಲ್ಲ, ಹೆದ್ರಿಕೆಗೆ. ಅದು ಮಳೇಲಿ ಕೊಚ್ಕೊಂಡ್ ಹೋಯ್ತು."

ರಶ್ಮಿ ನಗಲಿಲ್ಲ. ಇನ್ನೊಂದು ಸಲ ಹೇಳಿಸಿದಳು. ನನ್ನ ಪೆದ್ದುತನವನ್ನು ಅಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ.

ಇವತ್ತು ಮತ್ತೆ ಅದೇ ಬಿಸ್ಕತ್ತು ಕಂಪನಿಯ ಫಲಿತಾಂಶ. ಕಥೆ ಹೇಳಿದವನು ನಾನು. ಬೆಳಗ್ಗೆಯೇ ಅವಳ ಬೆನ್ನು ಬಿದ್ದವನೂ ನಾನೇ. ಅಂಗಡಿಯಲ್ಲಿ ಆ ಬಿಸ್ಕತ್ತು ಸಿಗುತ್ತಲೇ ಇಲ್ಲ, ಅಷ್ಟು ಖರ್ಚು, ಒಂದೇ ಒಂದು ತಗೋ ಮಗಾ ಎಂದು ಗೋಗರೆದೆ.

"ಬೇಡ ತಾತ. ಆ ಹಕ್ಕಿನ ರೇಟು ಆಗ್ಲೇ ಏರ್ಬಿಟ್ಟಿದೆ. ಎಲ್ರೂ ಪೈಪು ಬುಕ್ ಮಾಡ್ತಾ ಇದಾರೆ."

ಮಧ್ಯಾಹ್ನ ಕಂಪನಿ ಮತ್ತೆ ಗೆದ್ದಿತು. ಆ ಹಕ್ಕಿನ ಬೆಲೆ ಮತ್ತೆ ಕುಸಿಯಿತು. ನನ್ನ ಮಾತು ಕೇಳಿದ್ದರೆ ನರ್ಸರಿ ಅಲ್ಲಿಗೇ ಮುಗಿಯುತ್ತಿತ್ತು. ದೇವರು ದೊಡ್ಡವನು, ಮೊಮ್ಮಕ್ಕಳು ನಮ್ಮ ಮಾತು ಕೇಳುವುದಿಲ್ಲ.

ಸಂಜೆ ಎಲ್ಲರೂ ಒಟ್ಟಿಗೆ ಕೂತೆವು. ಬಿಸಿ ಅಕ್ಕಿರೊಟ್ಟಿ, ಕಾಡುಮಾವಿನ ಗೊಜ್ಜು. ಮೋಹನ ಮಗಳ ಫೋನು ಇಸಿದುಕೊಂಡು ನೋಡಿದ, ವಾಪಸು ಕೊಟ್ಟ, ರೊಟ್ಟಿ ಮುರಿದ.

"ನಾಳೆ ಮಣ್ಣಿನ ಲೋಡು ಬರುತ್ತೆ. ನರ್ಸರಿ ಬ್ಯಾಗು ತುಂಬ್ಬೇಕು, ಬೇಗ ಏಳು."

ರಶ್ಮಿ ತಲೆ ತಗ್ಗಿಸಿಕೊಂಡೇ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ನಾನು ಏನೋ ಹೇಳಲು ಬಾಯಿ ತೆರೆದೆ. ನನ್ನಾಕೆ ಗೊಜ್ಜಿನೊಳಗಿನ ಇಡೀ ಮಾವಿನ ಹಣ್ಣೊಂದನ್ನು ನನ್ನ ತಟ್ಟೆಗೆ ಹಾಕಿದಳು. ಓಟೆ ಬಾಯಲ್ಲಿಟ್ಟುಕೊಂಡು ಯಾರಿಗೂ ಮಾತಾಡಲಾಗುವುದಿಲ್ಲ. ಚೀಪುತ್ತಾ ಅಪ್ಪ-ಮಗಳಿಬ್ಬರನ್ನೂ ನೋಡಿದೆ. ಎಲ್ಲರ ಕೈಯಲ್ಲೂ ರಸ ಮೊಣಕೈಯವರೆಗೆ ಇಳಿದಿತ್ತು.