ಕುಬೇರ ಮೂಲೆಯ ನೀರು

ಶಿರಗುಪ್ಪಿಯ ಉಜ್ವಲಾ ಗುರುವಾರ ಬೆಳಿಗ್ಗೆ ಮಿರಜದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಡೆಂಗ್ಯೂ. ವಯಸ್ಸು ನಲವತ್ತಾರು.

ಕಬ್ಬು ಬೆಳೆಯುವ ಮನೆತನಕ್ಕೆ ಸೊಸೆಯಾಗಿ ಬಂದವಳು ಮಹಿಳಾ ಮೀಸಲಿನಲ್ಲಿ ಪಂಚಾಯತಿ ಸದಸ್ಯೆಯಾದಳು. ಮೊದಮೊದಲು ಚಹಾ ಕುಡಿದು ಸಹಿ ಮಾಡಿ ಬರುತ್ತಿದ್ದಳು. ಅದನ್ನು ತಾನೇ ಹೇಳಿಕೊಂಡು ನಗುತ್ತಿದ್ದಳು. ಮುಂದಿನ ಮಳೆಗಾಲದಲ್ಲಿ ಎದುರು ಮನೆಯ ಸೀಮಾ, ಇನ್ನೂ ಶಾಲೆಗೆ ಹೋಗುವ ಹುಡುಗಿ, ಡೆಂಗ್ಯೂದಿಂದ ಸತ್ತಳು. ಆ ಮನೆಯವರು ಹೊಸ ಸ್ಲ್ಯಾಬು ಗಟ್ಟಿಯಾಗಲೆಂದು ಮೇಲೆ ಮಣ್ಣಿನ ಬದು ಹಾಕಿ ನೀರು ನಿಲ್ಲಿಸಿದ್ದರು; ಆಮೇಲೆ ಬದು ಒಡೆಯಲು ಯಾರಿಗೂ ನೆನಪಾಗಿರಲಿಲ್ಲ. ಹುಡುಗಿಯ ಮಣ್ಣಿಗೆ ಹೋಗಿಬಂದ ಮರುದಿನ ಉಜ್ವಲಾ ಆ ಮಾಳಿಗೆ ಹತ್ತಿದಳು. ನೀರಿನ ತುಂಬ ಸೊಳ್ಳೆಯ ಹುಳ ಹೊರಳಾಡುತ್ತಿದ್ದವು.

ಅಲ್ಲಿಂದ ಆಕೆ ಸಭೆಯಲ್ಲಿ ಸುಮ್ಮನೆ ಕೂಡಲಿಲ್ಲ. ಮನೆ ಕಟ್ಟಲಿ, ರಿಪೇರಿ ಮಾಡಲಿ, ಮಾಳಿಗೆಯ ನೀರು ಪೂರ್ತಿ ಹರಿದುಹೋಗಬೇಕು, ನೀರಿನ ಟಾಕಿಗೆ ಜಾಳಿಗೆಯ ಮುಚ್ಚಳ ಬೇಕು, ಸ್ಲ್ಯಾಬಿಗೆ ಕಟ್ಟಿದ ನೀರನ್ನು ವಾರಕ್ಕೊಮ್ಮೆ ಬಸಿಯಬೇಕು. ಇಲ್ಲದಿದ್ದರೆ ಪಂಚಾಯತಿಯ ಒಪ್ಪಿಗೆ ಇಲ್ಲ. ಜಗಳಾಡಿ ಈ ನಿಯಮ ಮಾಡಿಸಿದಳು. ಊರು ಆಕೆಗೆ ಸೊಳ್ಳಿ ಮೆಂಬರ ಎಂದು ಹೆಸರಿಟ್ಟಿತು.

"ಸೊಳ್ಳಿಗೂ ಒಂದ ವಾರ್ಡ ಕೊಡಸ್ರಿ ವೈನಿ," ಎಂದ ಇನ್ನೊಬ್ಬ ಸದಸ್ಯ ಭೀಮಸಿ.

"ಕೊಡಸ್ತೀನಿ. ನಿನ್ನ ಎದುರಿಗೇ ನಿಲ್ಲಸ್ತೀನಿ. ರಕ್ತಾ ಹೀರೂದ್ರಾಗ ಯಾರ ಗೆಲ್ತೀರಿ ನೋಡೂಣು."

ಮಗ ಅಮೋಲನ ಮದುವೆ ಗೊತ್ತಾಗಿ ಅವರದೇ ಮನೆಯ ರಿಪೇರಿ ಬಂತು. ವಾಸ್ತು ನೋಡುವವನೊಬ್ಬ ಬಂದು, ಕುಬೇರ ಮೂಲೆಯಲ್ಲಿ, ಅಂದರೆ ನೈಋತ್ಯದಲ್ಲಿ, ಮಾಳಿಗೆಯ ನೀರು ಇಳಿದರೆ ಸಂಪತ್ತೂ ಇಳಿದುಹೋಗುತ್ತದೆ ಎಂದ. ಗಂಡ ರಾವಸಾಹೇಬ ಗೌಂಡಿ ಮುರಗೆಪ್ಪನಿಂದ ನೈಋತ್ಯದಲ್ಲಿ ನೀರು ಹೋಗುವ ತೂತಿಗೆ ಸಿಮೆಂಟು ಹಾಕಿಸಿ, ಈಶಾನ್ಯದಲ್ಲಿ ಹೊಸದು ಕೊರೆಸಿದ. ಸ್ಲ್ಯಾಬಿನ ಇಳಿಜಾರು ಮಾತ್ರ ನೈಋತ್ಯಕ್ಕೇ ಇತ್ತು. ನೀರು ಅಲ್ಲೇ ನಿಂತಿತು.

"ಮದವಿ ಆಗೂ ಮಟಾ ಸುಮ್ಮಿರು," ಎಂದ ರಾವಸಾಹೇಬ. "ಮನ್ಯಾನ ಲಕ್ಷ್ಮಿ ಹರಕೊಂಡ ಹೊಕ್ಕಾಳ."

"ಲಕ್ಷ್ಮಿ ತೂತಿನ್ಯಾಗ ಹೋಗೂವಾಕಿ ಆಗಿದ್ರ ಬಾಗಲಾ ಯಾಕ ಇಟ್ಟೀರಿ?"

ಅವನು ನಕ್ಕ. ಮುಚ್ಚಿದ ತೂತನ್ನು ತೆಗೆಸಲಿಲ್ಲ. ಮುಂದಿನ ಸಭೆಯಲ್ಲಿ ಭೀಮಸಿ, "ಮೊದಲ ನಿಮ್ಮನಿ ತೂತ ತಗಸ್ರಿ ವೈನಿ, ಆಮ್ಯಾಲ ನಮ್ಮನಿ ಟಾಕಿ ನೋಡಾಕ ಬರ್ರಿ," ಎಂದ. ಅಂದಿನಿಂದ ಆಕೆ ಬೇರೆಯವರ ಮಾಳಿಗೆ ಹತ್ತುವುದನ್ನು ಬಿಟ್ಟಳು. ಗಂಡನಿಗೆ ತಿಳಿಯದಂತೆ ಆ ಸಿಮೆಂಟು ಒಡೆಸಬಹುದಿತ್ತು. ಕದ್ದು ಒಡೆಸಿದರೆ ನಾಳೆ ಕದ್ದೇ ಮುಚ್ಚುತ್ತಾರೆ, ಅವರೇ ಹೂಂ ಅನ್ನಬೇಕು ಎನ್ನುತ್ತಿದ್ದಳು. ಅಲ್ಲಿಯವರೆಗೆ, ಪ್ರತಿ ಮಳೆ ನಿಂತ ಮೇಲೆ ಕಸಬರಿಗೆ ಹಿಡಿದು ಮೇಲೆ ಹೋಗಿ, ನೀರನ್ನು ಏರಿನ ಕಡೆಗೆ, ಈಶಾನ್ಯದ ಹೊಸ ತೂತಿನತ್ತ, ತಳ್ಳುತ್ತಿದ್ದಳು.

ಶ್ರಾವಣದಲ್ಲಿ ಕೊಕಟನೂರಿನಲ್ಲಿದ್ದ ತಾಯಿ ಬಿದ್ದು ಕಾಲು ಮುರಿದುಕೊಂಡಳು. ಉಜ್ವಲಾ ಆರೈಕೆಗೆ ಹೋಗಿ ಎರಡು ವಾರ ಉಳಿದಳು. "ಮಾಳಗಿ ನೀರ ಬಳೀರಿ," ಎಂದು ಹೋಗುವಾಗ ಹೇಳಿದ್ದಳು. ರಾವಸಾಹೇಬ ತಲೆಯಾಡಿಸಿದ್ದ. ತಿರುಗಿ ಬಂದು ಚೀಲ ಇಳಿಸಿದವಳೇ ಮೇಲೆ ಹತ್ತಿದಳು. ಅದೇ ಹುಳ. ಕತ್ತಲಾಗುವವರೆಗೆ ಒಬ್ಬಳೇ ಬಳಿದಳು.

ಮರುವಾರ ಜ್ವರ ಬಂತು. ಕಚ್ಚಿದ ಸೊಳ್ಳೆ ಎಲ್ಲಿ ಹುಟ್ಟಿತ್ತೋ ಯಾರೂ ಹೇಳಲಾರರು. ಈ ಮಾತನ್ನು ಈಗ ರಾವಸಾಹೇಬನ ಮುಂದೆ ಎಷ್ಟು ಸಲ ಆಡಿದರೂ ಅವನು ಕೇಳಿಸಿಕೊಳ್ಳುವುದಿಲ್ಲ.

ಬುಧವಾರ ಸಂಜೆ ಆಸ್ಪತ್ರೆಯಲ್ಲಿ, ಮಾತಾಡಲೂ ದಣಿವಾಗುತ್ತಿದ್ದಾಗ, ಆಕೆ ಫೋನು ಕೇಳಿ ಇಸಿದುಕೊಂಡು ಗೌಂಡಿ ಮುರಗೆಪ್ಪನಿಗೆ ಹಚ್ಚಿದಳು.

"ನಮ್ಮನಿ ತೂತ ತಗಿಯಪಾ."

"ಸಾವಕಾರ್ರು ಹೂಂ ಅಂದ್ರ ಈಗ ಹೋಗಿ ತಗೀತೀನ್ರಿ ಅಕ್ಕಾರ," ಎಂದಿತು ಆ ಕಡೆಯ ದನಿ.

ಉಜ್ವಲಾ ಫೋನನ್ನು ಪಕ್ಕದಲ್ಲಿ ಕುಳಿತಿದ್ದ ಗಂಡನ ಕಿವಿಗೆ ಹಿಡಿದಳು. ಸಲೈನಿನ ಸೂಜಿ ಚುಚ್ಚಿದ್ದ ಕೈ ಅದು. ಅವನು "ತಗಿ" ಎನ್ನುವವರೆಗೂ ಆಕೆ ಆ ಕೈ ಇಳಿಸಲಿಲ್ಲ.